ಸ್ವಂತ ಮಾತಿನಲ್ಲಿ

ಓದುತ್ತಿದ್ದ ಹೆಂಗಸಿನ ದನಿ ಯಾರದೆಂದು ಅವಳಿಗೆ ಗೊತ್ತಾಗಲಿಲ್ಲ. ಅವಳಿಗೆ ಗುರುತು ಹತ್ತಿದ್ದು ಹಿಂದಿನಿಂದ ಕೇಳಿದ ಇನ್ನೊಂದು ದನಿ. ಮೇಜಿನ ನಡುವೆ ಮೊಬೈಲು ಇಟ್ಟು ಧ್ವನಿಮುದ್ರಿಕೆಯನ್ನು ಹಚ್ಚಿದವನು ಪತ್ರಿಕೆಯ ತಾಂತ್ರಿಕ ವಿಭಾಗದ ಹುಡುಗಾಟದ ಮನುಷ್ಯ. ಸದಾ ಕೊರಳಿಗೆ ಇಯರ್‌ಫೋನು ಸುತ್ತಿಕೊಂಡಿರುತ್ತಿದ್ದುದರಿಂದ ಕಚೇರಿಯೆಲ್ಲ ಅವನನ್ನು ವೈರ್ ಎಂದೇ ಕರೆಯುತ್ತಿತ್ತು. ಮೊಬೈಲಿನೊಳಗಿನ ಹೆಂಗಸು ನಿನ್ನೆಯ ಲೇಖನವೊಂದನ್ನು, ದುಡ್ಡು ಕಟ್ಟಿ ಚಂದಾದಾರರಾದವರಿಗೆ ಮಾತ್ರ ಆನ್‌ಲೈನಿನಲ್ಲಿ ತೆರೆದುಕೊಳ್ಳುವ ಲೇಖನವನ್ನು, ತಲೆಬರಹದಿಂದ ಕೊನೆಯ ಸಾಲಿನವರೆಗೆ ಓದುತ್ತ ಹೋದಳು. ಊರಿನ ಹಳೆಯ ಮರಗಳ ಬೇರುಗಳು ನೆಲದಡಿಯಲ್ಲಿ ನೀರಿನ ಕೊಳವೆಗಳನ್ನು ಹುಡುಕಿಕೊಂಡು ಹೋಗುವ ಬಗ್ಗೆ ಇದ್ದ ಲೇಖನ ಅದು. ಅವಸರವಿಲ್ಲದ, ಎಲ್ಲೂ ಮುಗ್ಗರಿಸದ ಓದು. ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಕೇಳುವವರಿಗೆ ಒಂದು ಕ್ಷಣ ಬಿಟ್ಟುಕೊಡಬೇಕು ಎಂಬುದೆಲ್ಲ ಗೊತ್ತಿದ್ದ ದನಿ. ಚೆನ್ನಾಗಿ ಓದುತ್ತಾಳಲ್ಲ ಎಂದು ಅವಳು ಮನಸ್ಸಿನಲ್ಲೇ ಅಂದುಕೊಳ್ಳುವ ಹೊತ್ತಿಗೆ ಆ ಮುದ್ರಿಕೆಯೊಳಗೇ ದೂರದಲ್ಲೆಲ್ಲೋ ಬಾಗಿಲು ಬಡಿದ ಸದ್ದಾಯಿತು. "ಅಕ್ಕಾ, ಸಾಕು, ಬಾ ಆಚೆ! ಬಾಯಿ ಬರಲ್ಲ ಅಂದ್ರೆ ಕೈಯಾದ್ರೂ ತೋರ್ಸು, ನನ್ನ ಕಪ್ಪು ಶಾಲು ಎಲ್ಲಿಟ್ಟೆ?" ಆ ಕಪ್ಪು ಶಾಲು ಈಗ ಅವಳ ಹೆಗಲ ಮೇಲೆಯೇ ಇತ್ತು. ಕೋಣೆಯ ಏಸಿ ವಿಪರೀತ ಎಂದು ಅವಳು ದಿನಾ ಹೊದ್ದುಕೊಂಡು ಬರುತ್ತಿದ್ದಳು.

"ಆ ಹಿಂದೆ ಕಿರುಚ್ತಾರಲ್ಲ, ಅದನ್ನ ಸ್ವಲ್ಪ ಜೋರು ಮಾಡಪ್ಪ," ಎಂದರು ಪತ್ರಿಕೆಯ ವಕೀಲೆ. ವೈರ್ ಅದನ್ನೇ ಹಿಂದಕ್ಕೆ ತಂದು, ಓದುವ ದನಿಯನ್ನು ತಗ್ಗಿಸಿ, ಕಿರುಚುವ ದನಿಯನ್ನು ಏರಿಸಿ ಮತ್ತೊಮ್ಮೆ ಹಚ್ಚಿದ. ವಿಭಾಗದ ಮುಖ್ಯಸ್ಥರು, ಎಲ್ಲರೂ ದೊಡ್ಡವರು ಎಂದು ಕರೆಯುತ್ತಿದ್ದ ತೆಳ್ಳಗಿನ ಮನುಷ್ಯ, ಕುರ್ಚಿಗೆ ಒರಗಿ ನಕ್ಕರು. "ಎಂಥಾ ಗಂಟಲು ಮಾರಾಯ್ರೆ! ಆ ಮನೇಲಿ ಗಡಿಯಾರಾನೂ ಹೆದರ್ಕೊಂಡೇ ಓಡ್ತಿರ್ಬೇಕು." ವೈರ್ ಕೂಡ ನಕ್ಕ. "ಇಷ್ಟು ಚೆನ್ನಾಗಿ ಓದೋರಿಗೆ ಬಾಯಿ ಬರಲ್ಲ ಅಂತಾಳಲ್ಲ ಸರ್, ಇವಳ ಕಿವಿಗೇ ಏನೋ ಆಗಿರ್ಬೇಕು." ವಕೀಲೆ ನಗಲಿಲ್ಲ. "ಪಾಪ, ಓದ್ತಿರೋಳು ಯಾರೋ ಏನೋ. ಇಂಥೋಳ ಜೊತೆ ಹೇಗೆ ಬಾಳ್ತಾಳೋ," ಎಂದರು. ಅವಳೂ ನಕ್ಕಳು. ನಕ್ಕದ್ದು ಸಾಲದೇನೋ ಎನ್ನಿಸಿ ತಲೆಯನ್ನೂ ಅಲ್ಲಾಡಿಸಿದಳು. ಯಾರೂ ಅವಳ ಕಡೆ ತಿರುಗಿ ನೋಡಲಿಲ್ಲ, ಅದೇ ಅವಳನ್ನು ಹೆಚ್ಚು ಚುಚ್ಚಿತು. ಈ ಕಚೇರಿಯಲ್ಲಿ ಅವಳ ಅಡ್ಡಹೆಸರು ಮೆಲ್ಲಮ್ಮ. ಫೋನಿನಲ್ಲಿ ಎಷ್ಟೇ ಸಿಟ್ಟಾದವರನ್ನೂ ಬೆಣ್ಣೆಯಂಥ ಮಾತಿನಲ್ಲಿ ಸಮಾಧಾನ ಮಾಡುವವಳು ಎಂದು ಪ್ರೀತಿಯಿಂದಲೇ ಇಟ್ಟ ಹೆಸರು. ಆ ಗಂಟಲು ಈ ಮೆಲ್ಲಮ್ಮನದಿರಬಹುದೆಂದು ಯಾರ ತಲೆಗೂ ಹೊಳೆಯುವಂತಿರಲಿಲ್ಲ.

ಅವಳ ಕೆಲಸವೇ ಇದು. ದುಡ್ಡು ಕೊಟ್ಟು ಓದಬೇಕಾದ್ದನ್ನು ಪುಕ್ಕಟೆ ಹಂಚುವವರಿಗೆ ಬುದ್ಧಿ ಹೇಳುವುದು. ಯಾರೋ ಒಬ್ಬರು ಇಡೀ ಲೇಖನವನ್ನು ನಕಲು ಮಾಡಿ ಬೆಳಗಿನ ನಡಿಗೆಯ ಗೆಳೆಯರ ಗುಂಪಿಗೆ ಹಾಕುತ್ತಾರೆ, ಇನ್ನೊಬ್ಬರು ಪುಟಪುಟದ ಚಿತ್ರ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸುತ್ತಾರೆ, ಒಂದೇ ಚಂದಾದಲ್ಲಿ ಇಡೀ ಕಾಲೇಜು ಓದುತ್ತದೆ. ಅವರಿಗೆಲ್ಲ ಹೋಗುತ್ತಿದ್ದ ತಿಳುವಳಿಕೆಯ ಮಾತುಗಳನ್ನು ಬರೆದವಳು ಅವಳೇ. ತಲೆಬರಹ ಮತ್ತು ಕೊಂಡಿಯನ್ನು ಯಾರಿಗೆ ಬೇಕಾದರೂ ಕಳಿಸಬಹುದು, ಒಂದೆರಡು ಸಾಲು ಎತ್ತಿ ತೋರಿಸಬಹುದು, ಓದಿದ್ದನ್ನು ನಿಮ್ಮ ಸ್ವಂತ ಮಾತಿನಲ್ಲಿ ಹೇಳಬಹುದು. ಆದರೆ ಪೂರ್ತಿ ಲೇಖನವನ್ನು ನಕಲು ಮಾಡಿಯಾಗಲಿ, ಚಿತ್ರ ತೆಗೆದಾಗಲಿ, ಓದಿ ಧ್ವನಿ ಮುದ್ರಿಸಿಯಾಗಲಿ ಹಂಚುವಂತಿಲ್ಲ. ವಕೀಲೆ ಬರೆದುಕೊಟ್ಟಿದ್ದ ಒಣ ವಾಕ್ಯಗಳಲ್ಲಿ 'ನಿಮ್ಮ ಸ್ವಂತ ಮಾತಿನಲ್ಲಿ' ಎಂಬುದನ್ನು ಸೇರಿಸಿದ್ದು ಅವಳು. ಅದರಲ್ಲಿ ಒಂದು ಔದಾರ್ಯವಿದೆ ಎಂದು ಆಗ ಅವಳಿಗೆ ಅನ್ನಿಸಿತ್ತು. ಆ ನಿಯಮವನ್ನು ಅವಳು ಬರೀ ಸಂಬಳಕ್ಕಾಗಿ ನಂಬಿದವಳೂ ಅಲ್ಲ. ಮರಗಳ ಬಗ್ಗೆ ಬರೆದವನು ವರ್ಷವಿಡೀ ಚರಂಡಿ ಅಗೆಯುವವರ ಹಿಂದೆ ಅಲೆದಿದ್ದ. ಕ್ಯಾಂಟೀನಿನಲ್ಲಿ ಎದುರು ಕೂತು, ಎಲ್ಲರೂ ಓದಿದೀವಿ ಅಂತಾರೆ, ಚಂದಾ ಮಾತ್ರ ಯಾರೂ ಕಟ್ಟಿಲ್ಲ, ನನ್ನ ಗುತ್ತಿಗೆ ಮುಂದುವರಿಸ್ತಾರೋ ಇಲ್ವೋ ಗೊತ್ತಿಲ್ಲ ಎಂದು ತಣ್ಣಗೆ ಹೇಳಿದ್ದ. ಅವನ ಮುಖ ನೆನಪಾದಾಗಲೆಲ್ಲ ಅವಳು ಬರೆಯುವ ತಿಳುವಳಿಕೆ ಒಂದಿಷ್ಟು ಖಾರವಾಗುತ್ತಿತ್ತು.

ಈ ಸಲ ದೂರು ಕೊಟ್ಟದ್ದು ಚಂದಾ ಕಟ್ಟಿದ ಒಬ್ಬ ಹೆಂಗಸು. ರವಿಕೆ ಹೊಲಿಸಲು ಅಳತೆ ಕೊಡುತ್ತ ಕೈ ಅಗಲಿಸಿ ನಿಂತಿದ್ದಾಗ, ತಾನು ದುಡ್ಡು ಕಟ್ಟಿ ಓದಿ ಬಂದಿದ್ದ ಲೇಖನವನ್ನೇ ಹೊಲಿಗೆಯಂಗಡಿಯ ಮೊಬೈಲು ಪುಕ್ಕಟೆ ಒದರುತ್ತಿದ್ದುದನ್ನು ಕೇಳಿ ಆಕೆಗೆ ಮೈಯುರಿದಿತ್ತು. ವಿಚಾರಿಸಿದರೆ, ಹೊಲಿಗೆಯವರದೇ ಒಂದು ಮೊಬೈಲು ಗುಂಪಿದೆಯಂತೆ, ದಿನಾ ಬೆಳಿಗ್ಗೆ ಒಂದು ಓದು ಬರುತ್ತದಂತೆ, ಕೈ ಕಣ್ಣು ಎರಡೂ ಬಟ್ಟೆಯ ಮೇಲಿರುವಾಗ ಕಿವಿಯೊಂದು ಖಾಲಿ ಇರುತ್ತದಲ್ಲ ಎಂದಳಂತೆ ಅಂಗಡಿಯವಳು. ದೂರು ಕೊಟ್ಟವಳು ಅವಳಿಂದಲೇ ಓದನ್ನೂ ಗುಂಪಿನ ಕೊಂಡಿಯನ್ನೂ ಪಡೆದು ಪತ್ರಿಕೆಗೆ ಕಳಿಸಿದ್ದಳು. "ಸುಲಭ ಇದೆ ಮೇಡಂ," ಎಂದು ವೈರ್ ವಕೀಲೆಗೆ ವಿವರಿಸುತ್ತಿದ್ದ. "ಓದು ಗುಂಪಿಗೆ ಬರೋದಕ್ಕೆ ಸ್ವಲ್ಪ ಮುಂಚೆ ಯಾವ ಖಾತೆಯಿಂದ ಆ ಲೇಖನ ತೆರೆದಿದಾರೆ ಅಂತ ಒಂದು ವಾರ ಹೊಂದಿಸಿ ನೋಡಿದ್ರೆ ಸಾಕು. ಖಾತೆ ಸಿಕ್ತು ಅಂದ್ರೆ ಆಸಾಮಿ ಸಿಕ್ಕ ಹಾಗೆ." ಆ ಖಾತೆ ಅವಳದು. ನೌಕರರ ಮನೆಯವರು ಓದಲಿ ಎಂದು ಪತ್ರಿಕೆ ಕೊಟ್ಟ ಸವಲತ್ತು. ಅವಳೇ ಅದನ್ನು ಅಕ್ಕನ ಮೊಬೈಲಿಗೆ ಹಾಕಿಕೊಟ್ಟಿದ್ದಳು, ಹೊತ್ತು ಹೋಗಲಿ ಪಾಪ ಎಂದು. ಮನೆಯವರೇ ಹಂಚಿದರು ಎಂದು ಗೊತ್ತಾದರೆ ಕೆಲಸದಿಂದ ಕಿತ್ತುಹಾಕುತ್ತಾರೆ, ಆ ಷರತ್ತಿಗೂ ಅವಳು ಸಹಿ ಹಾಕಿದ್ದಾಳೆ. "ಇವರೇ ಒಂದು ಎಚ್ಚರಿಕೆ ಆ ಗುಂಪಿಗೆ ಹಾಕ್ಲಿ ಮೊದಲು," ಎಂದರು ದೊಡ್ಡವರು ಅವಳತ್ತ ಕೈ ತೋರಿಸಿ. "ನಮ್ಮ ಮೆಲ್ಲಮ್ಮ ಬರೆದ್ರೆ ಕಳ್ಳನೂ ಕ್ಷಮೆ ಕೇಳ್ತಾನೆ. ನಿಲ್ಲಿಸಿದ್ರೆ ಸರಿ, ಇಲ್ಲಾಂದ್ರೆ ಖಾತೆ ಹುಡುಕೋಣ." ಅವಳು ಆಗಲಿ ಸರ್ ಎಂದಳು, ಬಹಳ ಮೆಲ್ಲಗೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಅದನ್ನೇ ಯೋಚಿಸಿದಳು: ಹುಟ್ಟಿದಾಗಿನಿಂದ ಜೊತೆಗಿರುವ ಅಕ್ಕನ ದನಿ ತನಗೆ ಗುರುತಾಗಲಿಲ್ಲ. ಅಕ್ಕನ ಮಾತು ಎಂದರೆ ಅವಳ ಪಾಲಿಗೆ ಮುಚ್ಚಿದ ತುಟಿಗಳು, ಬಿಗಿದ ಗದ್ದ, ಹೊರಗೆ ಬರಲಾರದೆ ಒದ್ದಾಡುವ ಮೊದಲ ಅಕ್ಷರ. ಆ ಅಕ್ಷರ ಕಂಡ ಕೂಡಲೇ ಉಳಿದದ್ದನ್ನು ಅವಳು ಹೇಳಿಬಿಡುತ್ತಿದ್ದಳು. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಅತ್ತೆಯ ಮನೆಯಲ್ಲಿ. ನೀನು ಹೇಳೇ, ಅವಳಿಗೆ ಹೊತ್ತಾಗುತ್ತೆ ಎಂದು ಅಮ್ಮನೇ ಅವಳನ್ನು ಮುಂದೆ ತಳ್ಳಿದ್ದಳು. ಚಿಕ್ಕವಳಿಗೆ ಅದೊಂದು ಹೆಮ್ಮೆಯಾಗಿತ್ತು. ಒಮ್ಮೆ ಕಿವಿ ಮೂಗು ಗಂಟಲಿನ ಡಾಕ್ಟರು, ನೀನಲ್ಲಮ್ಮ, ನಿಮ್ಮಕ್ಕ ಹೇಳಲಿ ಎಂದು ಗದರಿದಾಗ ಅವಳಿಗೆ ಅಳು ಬಂದಿತ್ತು, ಡಾಕ್ಟರು ಕಾದರು, ಅಕ್ಕ ಹೇಳಲಿಲ್ಲ, ಕೊನೆಗೆ ಅವಳೇ ಹೇಳಿದಳು. ಆದರೆ ಒಂದು ಕಾಲಕ್ಕೆ ಅಕ್ಕ ಬೇರೆಯವರ ಹಾಗೆ ಮಾತಾಡಿ ತೋರಿಸುತ್ತಿದ್ದಳಲ್ಲ! ಬಸ್ಸಿನ ಕಂಡಕ್ಟರ್, ಮುಖ್ಯೋಪಾಧ್ಯಾಯಿನಿ, ಬಾಡಿಗೆ ಕೇಳಲು ಬರುತ್ತಿದ್ದ ಮನೆಯ ಯಜಮಾನ. ಮಂಚದ ಮೇಲೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ನೀರು ಹರಿದ ಹಾಗೆ. ಅಪ್ಪ ಬಿದ್ದು ಬಿದ್ದು ನಗುತ್ತಿದ್ದ. ಇನ್ನೊಬ್ಬರ ಮಾತಾದರೆ ಅಕ್ಕನಿಗೆ ತಡೆಯೇ ಇರಲಿಲ್ಲ. ಅದು ಯಾವಾಗ ನಿಂತಿತು, ಯಾರು ಬೇಡ ಎಂದರು, ಅವಳಿಗೆ ನೆನಪಾಗಲಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿದಾಗ, ತಾನು ಕಿಟಕಿಯ ಗಾಜಿಗೆ ತುಟಿ ತಾಗಿಸಿ ಮುಖ್ಯೋಪಾಧ್ಯಾಯಿನಿಯ ಹಾಗೆ ಏನೋ ಗೊಣಗುತ್ತಿದ್ದೇನೆಂದು ಗೊತ್ತಾಗಿ ನಾಚಿಕೆಯಾಯಿತು.

ಅಕ್ಕ ಹೊಲಿಗೆಯಂತ್ರದ ಮುಂದೆ ಇದ್ದಳು. ಗಾರ್ಮೆಂಟ್ಸ್ ಕೆಲಸ ಬಿಟ್ಟ ಮೇಲೆ ಮನೆಯಲ್ಲೇ ಬಟ್ಟೆ ಸರಿಪಡಿಸಿಕೊಡುತ್ತಿದ್ದಳು. ಉದ್ದ ಕಡಿಮೆ ಮಾಡುವುದು, ಜಿಪ್ಪು ಬದಲಿಸುವುದು, ದಪ್ಪಗಾದವರಿಗೆ ಸೊಂಟ ಬಿಚ್ಚಿಕೊಡುವುದು. ಒಳಗಿನ ಚಿಕ್ಕ ಕೋಣೆಯ ತುಂಬ ಗಿರಾಕಿಗಳ ಬಟ್ಟೆ ತೂಗುಹಾಕಿತ್ತು. ಆ ಬಟ್ಟೆಗಳ ನಡುವೆ ಒಂದು ಸ್ಟೂಲು ಇರುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಅದು ಅಲ್ಲಿ ಯಾಕಿದೆ ಎಂದು ಮಾತ್ರ ಕೇಳಿರಲಿಲ್ಲ. ಈಗ ಬಾಗಿಲಲ್ಲಿ ನಿಂತು ನೋಡಿದರೆ, ಅಲ್ಲಿ ಕೂತವರ ಸುತ್ತ ಕೋಟು, ಲಂಗ, ಪ್ಯಾಂಟುಗಳೇ ಗೋಡೆಯಾಗಿ, ಹೊರಗಿನ ಸದ್ದು ಮೆತ್ತಗಾಗುತ್ತಿತ್ತು. ಅವಳ ಕಿರುಚಾಟವೊಂದನ್ನು ಬಿಟ್ಟು.

"ಅಕ್ಕಾ, ಒಂದು ವಿಷಯ ಮಾತಾಡ್ಬೇಕಿತ್ತು," ಎಂದಳು. ಆ ದನಿ ಕೇಳಿ ಅಕ್ಕ ಯಂತ್ರ ನಿಲ್ಲಿಸಿ ಗಾಬರಿಯಿಂದ ನೋಡಿದಳು; ಮನೆಯೊಳಗೆ ಕಚೇರಿಯ ಮೆಲುದನಿಯನ್ನು ಕೇಳಿದ್ದು ಅಕ್ಕನಿಗೆ ಅದೇ ಮೊದಲಿರಬೇಕು. ಯಾರಾದರೂ ಸತ್ತರೇನೋ ಎಂಬಂತೆ ಎದ್ದು ನಿಂತಳು. ಅವಳು ಎಲ್ಲವನ್ನೂ ಹೇಳಿದಳು. ದೂರು, ಮುದ್ರಿಕೆ, ವೈರ್ ಮಾಡಬಹುದಾದ ಲೆಕ್ಕಾಚಾರ, ಷರತ್ತು. ಹಿಂದಿನ ಕಿರುಚಾಟವೊಂದನ್ನು ಹೇಳಲಿಲ್ಲ. "ಮನೇಲಿ ಒಬ್ಬರಿಗೊಬ್ರು ಓದಿ ಹೇಳಿದ್ರೆ ಯಾರೂ ತಪ್ಪು ಅನ್ನಲ್ಲ ಅಕ್ಕ. ಆದ್ರೆ ರೆಕಾರ್ಡ್ ಮಾಡಿ ಅಷ್ಟು ಜನಕ್ಕೆ ಕಳಿಸಿದ್ರೆ ಅದು ಪತ್ರಿಕೆ ಹಂಚಿದ ಹಾಗೇನೇ. ಬರೆದೋರ ಹೊಟ್ಟೆಗೆ ಹೊಡೆದ ಹಾಗೆ."

ಅಕ್ಕ ಕೈಯಲ್ಲಿದ್ದ ಬಟ್ಟೆಯನ್ನು ಮಡಿಸಿದಳು, ಬಿಚ್ಚಿದಳು. "ನೀ... ನೀನು ಕೇ... ಕೇಳಿದ್ಯಾ?"

"ಕೇಳ್ದೆ."

"ಹೇ..." ಅಕ್ಕನ ಗದ್ದ ಬಿಗಿಯಿತು. "ಹೇ..."

"ಹೇಳಲ್ಲ, ಯಾರಿಗೂ ಹೇಳಲ್ಲ ನಿನ್ನ ಹೆಸರು. ಹೆದರ್ಬೇಡ."

ಅಕ್ಕ ಅಲ್ಲ ಎಂದು ತಲೆಯಾಡಿಸಿದಳು. ಮತ್ತೆ ಬಾಯಿ ತೆರೆದಳು, ಕಣ್ಣು ಮುಚ್ಚಿಕೊಂಡಳು, ಕೈ ಬೀಸಿ ಬಿಟ್ಟುಬಿಟ್ಟಳು. ನೋಡುತ್ತಿದ್ದ ಅವಳಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟು. ಏನಾದರೂ ದಾರಿ ತೋರಿಸಬೇಕೆನ್ನಿಸಿತು. "ಓದೋದು ಬಿಡು ಅಂತ ಹೇಳ್ತಿಲ್ಲ ನಾನು. ಓದಿ ಅರ್ಥ ಮಾಡ್ಕೊಂಡು, ಸ್ವಂತ ಮಾತಲ್ಲಿ ಹೇಳು. ಅದಕ್ಕೆ ಯಾವ ನಿಯಮಾನೂ ಅಡ್ಡ ಬರಲ್ಲ. ನಿನ್ನ ಸ್ವಂತ ಮಾತಲ್ಲಿ—" ಹೇಳುತ್ತಿದ್ದಂತೆಯೇ ತಾನೇನು ಹೇಳುತ್ತಿದ್ದೇನೆಂದು ಅವಳಿಗೆ ಅರ್ಥವಾಯಿತು. ಅಕ್ಕ ನಕ್ಕಳು. ಕುಹಕದ ನಗೆಯಲ್ಲ; ಸಣ್ಣವರು ತಿಳಿಯದೆ ಕಾಲು ತುಳಿದರೆ ನಗುತ್ತೇವಲ್ಲ, ಅಂಥದು. ಆಮೇಲೆ ದಾರವನ್ನು ಹಲ್ಲಿನಲ್ಲಿ ಕಡಿದು, ಕೂತು, ಯಂತ್ರವನ್ನು ತುಳಿಯತೊಡಗಿದಳು. ಅವಳು ತನ್ನ ಕೋಣೆಗೆ ಹೋಗಿ ಗುಂಪಿಗೆ ಕಳಿಸಬೇಕಾದ ಎಚ್ಚರಿಕೆಯನ್ನು ಬರೆಯಲು ಕೂತಳು. ಮಾನ್ಯರೇ ಎಂದು ಬರೆದು ಅಳಿಸಿದಳು. ಕೊನೆಗೆ ಎಲ್ಲರಿಗೂ ಹೋಗುವ ಅದೇ ಹಳೆಯ ಮಾತುಗಳನ್ನೇ ಕಳಿಸಿದಳು. ಪಕ್ಕದ ಕೋಣೆಯಲ್ಲಿ ಅಕ್ಕನ ಮೊಬೈಲು ಟಿಣ್ ಎಂದಿತು. ಯಂತ್ರ ಒಂದು ಗಳಿಗೆ ನಿಂತು ಮತ್ತೆ ಶುರುವಾಯಿತು.

ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗ ಅವಳಿಗೆ ಥಟ್ಟನೆ ಹೊಳೆಯಿತು. ಅಕ್ಕ ಕೇಳಲು ಹೊರಟಿದ್ದು 'ಹೇಗಿತ್ತು' ಎಂದು. ಅಷ್ಟೇ. ಕೇಳಿದ್ಯಾ, ಹೇಗಿತ್ತು? ಬಾಯಿ ತುಂಬ ನೊರೆ ಇಟ್ಟುಕೊಂಡು ಅವಳು ಕನ್ನಡಿಯ ಮುಂದೆ ಹಾಗೇ ನಿಂತುಬಿಟ್ಟಳು. ಚೆನ್ನಾಗಿ ಓದುತ್ತಾಳಲ್ಲ ಎಂದು ತಾನು ಅಂದುಕೊಂಡದ್ದು ನಿಜವಲ್ಲವೆ, ಅದೊಂದು ಮಾತನ್ನು ಹೇಳಲು ಏನು ಧಾಡಿಯಾಗಿತ್ತು? ಬಾಯಿ ತೊಳೆದು ಹೊರಗೆ ಬಂದರೆ ಚಿಕ್ಕ ಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಅಕ್ಕನ ದನಿ ಬರುತ್ತಿತ್ತು, ಓದಿನದಲ್ಲ, ಅವಳಿಗೆ ಚೆನ್ನಾಗಿ ಗೊತ್ತಿದ್ದ ದನಿ. ಒಂದು ಅಕ್ಷರ, ಅದೇ ಅಕ್ಷರ, ಮತ್ತೆ ಅದೇ ಅಕ್ಷರ. ಉಸಿರು. ಬಾಗಿಲ ಹೊರಗೆ ನಿಂತ ಅವಳ ನಾಲಿಗೆಯ ತುದಿಯಲ್ಲಿ ಆ ಪದ ಸಿದ್ಧವಾಗಿ ಕೂತಿತ್ತು, ಒಂದು ಉಸಿರಿನಲ್ಲಿ ಹೇಳಿ ಅಕ್ಕನನ್ನು ದಾಟಿಸಿಬಿಡಬಹುದಿತ್ತು. ಅವಳು ಶಾಲಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕನ ಮೇಲಿನ ಮರುಕಕ್ಕೋ, ತನ್ನ ದನಿ ಮತ್ತೆ ಮುದ್ರಿಕೆಯಲ್ಲಿ ಸಿಕ್ಕಿಬೀಳುತ್ತದೆಂಬ ಭಯಕ್ಕೋ, ಅವಳಿಗೇ ಗೊತ್ತಿರಲಿಲ್ಲ. ಹೇಗಿತ್ತು ಎಂಬುದಕ್ಕೆ ಉತ್ತರವನ್ನೂ ಹೇಳದೆ, ಚಪ್ಪಲಿಯ ಸದ್ದಾಗದಂತೆ ಬಾಗಿಲೆಳೆದುಕೊಂಡು ಹೊರಟಳು.

ಮಧ್ಯಾಹ್ನ ದೊಡ್ಡವರು ಮತ್ತೆ ಕರೆದರು. ಅದೇ ಕೋಣೆ, ಅದೇ ತಣ್ಣನೆಯ ಗಾಳಿ. ವಕೀಲೆ ತಮ್ಮ ಡಬ್ಬಿಯಿಂದ ಸೇಬಿನ ಹೋಳುಗಳನ್ನು ಎಲ್ಲರ ಮುಂದೆ ಹಿಡಿದರು, ಅವಳು ಒಂದು ತೆಗೆದುಕೊಂಡಳು. "ಏನು ಬರೆದ್ರೋ ಮಾರಾಯ್ತಿ, ಒಂದೇ ರಾತ್ರೀಲಿ ಪವಾಡ," ಎಂದರು ದೊಡ್ಡವರು. "ಓದೋದು ನಿಂತಿದೆ. ದೂರು ಕೊಟ್ಟ ಅಮ್ಮನೇ ಇವತ್ತಿಂದು ಕಳಿಸಿದಾರೆ, ಕೇಳಿ." ವೈರ್‌ನ ಮುಖದಲ್ಲಿ ಆಗಲೇ ನಗೆ ತುಳುಕುತ್ತಿತ್ತು. "ಈಗ ಸ್ವಂತ ಮಾತಲ್ಲಿ ಹೇಳ್ತಿದಾಳೆ ಸರ್. ನಿಯಮದ ಪ್ರಕಾರ ಏನೂ ಮಾಡೋ ಹಾಗಿಲ್ಲ. ಮಾಡೋ ಅಗತ್ಯಾನೂ ಇಲ್ಲ ಬಿಡಿ, ಇದನ್ನ ಯಾರು ಕೇಳ್ತಾರೆ?" ಎಂದು ಹಚ್ಚಿದ.

ಯಂತ್ರಗಳ ಗದ್ದಲದಲ್ಲಿ ಕೆಲಸ ಮಾಡುವವರ ಕಿವಿ ಮೆಲ್ಲಮೆಲ್ಲಗೆ ಮಂದವಾಗುವ ಬಗ್ಗೆ ಇವತ್ತಿನ ಲೇಖನ. ಗುಂಪಿನವರಿಗೆ ಬೇಕಾದ್ದೆಂದು ಅಕ್ಕ ಅದನ್ನೇ ಆರಿಸಿದ್ದಳು. "ಇ... ಇ... ಇವತ್ತು ನಾನು ಓ... ಓದಲ್ಲ. ಹೇ... ಹೇಳ್ತೀನಿ," ಎಂದಿತು ಮೊಬೈಲು. "ನಮ್ಮ ಮಿ... ಮಿಷನ್ ಸದ್ದು ನ... ನಮಗೆ ಅಭ್ಯಾಸ ಆಗಿದೆ ಅಂತ ಅಂ... ಅಂದ್ಕೊಂಡಿದೀವಲ್ಲ. ಅದು ಅಭ್ಯಾಸ ಅಲ್ಲ. ನ... ನಮಗೆ ಕೇ... ಕೇ... ಕೇ..." ವೈರ್ ಬೆರಳಿನಿಂದ ಮೇಜಿನ ಮೇಲೆ ಆ ಅಕ್ಷರಕ್ಕೆ ತಾಳ ಹಾಕಿದ. ದೊಡ್ಡವರು ಒಳ್ಳೆಯವರು, ಯಾರನ್ನೂ ನೋಯಿಸುವ ಜನವಲ್ಲ. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ, ಮೂಗಿನಿಂದ ನಗೆ ಸಿಡಿಯಿತು. "ಗಾಡಿ ಸ್ಟಾರ್ಟೇ ಆಗ್ತಿಲ್ಲ," ಎಂದ ವೈರ್. "ನಿನ್ನೆ ಅಷ್ಟು ಚೆನ್ನಾಗಿ ಓದಿದೋಳು ಇವಳೇನಾ?" ಎಂದು ವಕೀಲೆ ಹುಬ್ಬು ಗಂಟಿಕ್ಕಿದರು. ಅವಳು ಸೇಬಿನ ಹೋಳನ್ನು ಕೈಯಲ್ಲೇ ಹಿಡಿದಿದ್ದಳು. ನಿನ್ನೆಯಂತೆ ಇವತ್ತೂ ನಗಬೇಕು, ತಲೆಯಲ್ಲಾಡಿಸಬೇಕು, ಇನ್ನೇನು ಮುಗಿಯುತ್ತದೆ, ಆಮೇಲೆ ಯಾರೂ ಖಾತೆ ಹುಡುಕುವುದಿಲ್ಲ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಇಷ್ಟನ್ನೂ ಸರಿಯಾಗಿ ಲೆಕ್ಕ ಹಾಕಿಕೊಂಡು ನಗಲೆಂದು ಅವಳು ಬಾಯಿ ತೆರೆದಳು.

"ಸಾಕು! ಬಾಯಿ ಮುಚ್ಕೊಂಡು ಕೇಳಕ್ಕಾಗಲ್ವಾ?"

ಕಚೇರಿಯ ಆ ಕೋಣೆಯಲ್ಲಿ ಅಂಥ ಗಂಟಲು ಎಂದೂ ಕೇಳಿಬಂದಿರಲಿಲ್ಲ. ಗಾಜಿನ ಗೋಡೆಯಾಚೆ ಕೆಲಸ ಮಾಡುತ್ತಿದ್ದವರು ತಲೆ ಎತ್ತಿದರು. ವೈರ್ ಹೆದರಿ ಮುದ್ರಿಕೆಯನ್ನು ನಿಲ್ಲಿಸಿಬಿಟ್ಟ. ದೊಡ್ಡವರಿಗೆ ಮೊದಲು ಏನೂ ಹೊಳೆಯಲಿಲ್ಲ, ಮೆಲ್ಲಮ್ಮನಿಗೆ ಮೈ ಸರಿಯಿಲ್ಲವೇನೋ ಎಂದು ನೀರಿನ ಬಾಟಲಿಗೆ ಕೈ ಚಾಚಿದರು. ವಕೀಲೆ ಮಾತ್ರ ಕೈ ಚಾಚಲಿಲ್ಲ. ಅವರು ಮೊಬೈಲನ್ನು ನೋಡಿದರು, ಅವಳನ್ನು ನೋಡಿದರು, ಆಮೇಲೆ ಅವಳ ಹೆಗಲ ಮೇಲಿನ ಕಪ್ಪು ಶಾಲನ್ನು ನೋಡಿ ಅಲ್ಲೇ ದೃಷ್ಟಿ ನಿಲ್ಲಿಸಿದರು. ಅವರಿಗೆ ತಿಳಿಯಿತೆಂದು ಅವಳಿಗೂ ತಿಳಿಯಿತು. ಏನಾದರೂ ಹೇಳಿ ಸರಿಮಾಡಿಕೊಳ್ಳಲು ಇನ್ನೂ ಒಂದಿಷ್ಟು ಹೊತ್ತಿತ್ತು. ತಲೆನೋವು ಎನ್ನಬಹುದಿತ್ತು, ಯಾರೋ ನೆನಪಾದರು ಎನ್ನಬಹುದಿತ್ತು, ಇನ್ನೊಬ್ಬರ ಮಾತು ಮುಗಿಸಿಕೊಡುವುದರಲ್ಲಿ ಪಳಗಿದ ನಾಲಿಗೆ ಅದು. ಆದರೆ ನಿನ್ನೆಯಿಂದ ಮೊದಲ ಸಲ ಅವಳಿಗೆ ಸರಿಯಾಗಿ ಉಸಿರಾಡಲು ಬಂತು.

"ಯಾಕೆ ನಿಲ್ಸಿದ್ರಿ? ಹಾಕಿ," ಎಂದಳು ವೈರ್‌ಗೆ. "ನಮ್ಮಕ್ಕ ಇನ್ನೂ ಹೇಳಿ ಮುಗಿಸಿಲ್ಲ."

ವೈರ್ ದೊಡ್ಡವರ ಮುಖ ನೋಡಿದ. ದೊಡ್ಡವರು ವಕೀಲೆಯ ಮುಖ ನೋಡಿದರು. ಕೊನೆಗೆ ವಕೀಲೆಯೇ ಕೈ ನೀಡಿ ಬೆರಳೊತ್ತಿದರು. ಕೇ, ಎಂದಿತು ಮೊಬೈಲು, ಕೇ... ಕೇ... ಮುಂದಿನದು ಏನೆಂದು ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅವಳು ಹಲ್ಲು ಕಚ್ಚಿಕೊಂಡು ಕಾದಳು, ಎಲ್ಲರೂ ಕಾದರು.